ಮಾಕ್ಸಿಫ್ಲಾಕ್ಸಸಿನ್ 0.5% ಡ್ರಾಪ್ಸ್: ಕಾರ್ನಿಯಾ ಹುಣ್ಣಿಗೆ ಎಷ್ಟು ಸಾಕು?

ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಮೇಲೆ ಬ್ಯಾಕ್ಟೀರಿಯಾದಿಂದ ಆದ ಚಿಕ್ಕ ಹುಣ್ಣು, ಅದೂ ಕಣ್ಣಪಾಪೆಯ ನೇರಕ್ಕೆ ಇಲ್ಲದಿದ್ದರೆ, ಈ ಹಳದಿ ಆ್ಯಂಟಿಬಯಾಟಿಕ್ ಡ್ರಾಪ್ಸ್ ಒಂದೇ ಸಾಮಾನ್ಯವಾಗಿ ಸಾಕಾಗುತ್ತದೆ. ಇದೇ ಗುಂಪಿನ ಸಿಪ್ರೊಫ್ಲಾಕ್ಸಸಿನ್ 0.3% ಹಾಕಿದಾಗ ಕೆಲವರಿಗೆ ಹುಣ್ಣಿನ ಮೇಲೆ ಬಿಳಿ ಹರಳಿನಂತೆ ಔಷಧ ಕೂರುತ್ತದೆ, ಗಾಯ ಮಾಯುತ್ತಿದೆಯೋ ಇಲ್ಲವೋ ನೋಡುವುದೇ ಕಷ್ಟ. ಮಾಕ್ಸಿಫ್ಲಾಕ್ಸಸಿನ್‌ನಲ್ಲಿ ಆ ತೊಂದರೆ ತೀರಾ ಕಡಿಮೆ.

ಇದರ ಯಶಸ್ಸು ನಿಂತಿರುವುದು ಹಾಕುವ ವೇಳೆಯ ಮೇಲೆ. ಶುರುವಿನಲ್ಲಿ 5ರಿಂದ 15 ನಿಮಿಷಕ್ಕೊಮ್ಮೆ ಕೆಲವು ಸಲ, ಆಮೇಲೆ ಗಂಟೆಗೊಂದು ಹನಿ. ಮೊದಲ 48 ಗಂಟೆ ರಾತ್ರಿಯೂ ಬಿಡುವಂತಿಲ್ಲ. ದಿನಕ್ಕೆ ಮೂರು ಸಲ ಎನ್ನುವುದು ಕಣ್ಣು ಕೆಂಪಾದಾಗಿನ ಲೆಕ್ಕ, ಹುಣ್ಣಿಗೆ ಅದು ಏನೂ ಅಲ್ಲ. ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗಿಳಿಯುತ್ತದೆ. ಬೇರೆ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು.

ಕೊರತೆಯೂ ಇದೆ. ಎಂಆರ್‌ಎಸ್‌ಎ (ಹಲವು ಆ್ಯಂಟಿಬಯಾಟಿಕ್‌ಗೆ ಜಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ) ಮತ್ತು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಇದಕ್ಕೆ ಬಗ್ಗುವುದಿಲ್ಲ. ದೊಡ್ಡ, ಆಳವಾದ ಹುಣ್ಣಿಗೆ ಸೆಫಜೋಲಿನ್ 5% ಜೊತೆ ಜೆಂಟಾಮೈಸಿನ್ 1.4% ಫೋರ್ಟಿಫೈಡ್ (ಹೆಚ್ಚು ಸಾಂದ್ರತೆಯ) ಡ್ರಾಪ್ಸ್ ಕೊಡುವುದುಂಟು. ಅದನ್ನು ಶುದ್ಧ ವಾತಾವರಣದಲ್ಲಿ ತಯಾರಿಸಿ ಫ್ರಿಜ್‌ನಲ್ಲಿಡಬೇಕು, ಬೇಗ ಕೆಡುತ್ತದೆ, ಉರಿಯೂ ಜಾಸ್ತಿ.

ಅಂಥ ಹುಣ್ಣಾದರೆ ಡ್ರಾಪ್ಸ್ ಶುರುಮಾಡುವ ಮೊದಲೇ ಹುಣ್ಣು ಕೆರೆದು ಸ್ಯಾಂಪಲ್ ತೆಗೆಸಬೇಕು. ನಂತರ ತೆಗೆದರೆ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ಹೋಗಬಹುದು. ಸ್ಟೀರಾಯ್ಡ್ ಬೆರೆತ ಬಾಟಲಿಯನ್ನು ಸ್ವಂತ ನಿರ್ಧಾರದಿಂದ ಖಂಡಿತ ಹಾಕಬೇಡಿ: ಹುಣ್ಣು ಫಂಗಸ್‌ನದ್ದಾಗಿದ್ದರೆ ಕಣ್ಣೇ ಹೋದೀತು. ಕಾಂಟ್ಯಾಕ್ಟ್ ಲೆನ್ಸ್ ಕೂಡಲೇ ತೆಗೆಯಿರಿ, ಆದರೆ ಎಸೆಯದೆ ಡಬ್ಬಿ ಸಮೇತ ಡಾಕ್ಟರಿಗೆ ಕೊಡಿ, ಅದರಿಂದಲೂ ಕಲ್ಚರ್ ಮಾಡಬಹುದು. 48 ಗಂಟೆಯಲ್ಲಿ ನೋವು ಇಳಿಯದೆ ಬಿಳಿ ಕಲೆ ಹರಡಿದರೆ ಔಷಧ ಬದಲಿಸಲೇಬೇಕು.