ತೋಟದ ಕೆಲಸದವರಿಗೆ ಯಾವ ವಿಮೆ: ನೌಕರರ ಪರಿಹಾರ ಪಾಲಿಸಿಯೋ, ಗುಂಪು ಅಪಘಾತ ಪಾಲಿಸಿಯೋ?

ಕಾಳುಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಇಡುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ. ಕೊಡಗಿನಲ್ಲಿ ನನಗೆ ಗೊತ್ತಿರುವ ಹಲವು ಮಾಲೀಕರು ಗುಂಪು ಅಪಘಾತ ವಿಮೆಯೊಂದನ್ನೇ ಮಾಡಿಸಿ ನಿಶ್ಚಿಂತರಾಗಿದ್ದಾರೆ. ಅದು ಸಾಲದು.

ಗುಂಪು ವಿಮೆ ಕೊಡುವುದು ಮೊದಲೇ ಗೊತ್ತುಮಾಡಿದ ಮೊತ್ತ. ರಜೆಯ ದಿನ ಸಂತೆಯ ದಾರಿಯಲ್ಲಿ ಆನೆ ತುಳಿದರೂ ಸಾಮಾನ್ಯವಾಗಿ ಸಿಗುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಮಾಲೀಕರ ಕಾನೂನಿನ ಹೊಣೆ ಅದರಿಂದ ತೀರುವುದಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಆ ಹೊಣೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ: ಕೆಲಸದ ಅಪಘಾತದಲ್ಲಿ ಸಾವಾದರೆ ತಿಂಗಳ ಕೂಲಿಯ ಶೇ 50ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಿ ಕೊಡಬೇಕು, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇ 60. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಶೇ 50ರವರೆಗೆ ದಂಡ. ಈ ಹೊಣೆಗೆಂದೇ ಇರುವುದು ನೌಕರರ ಪರಿಹಾರ ಪಾಲಿಸಿ. ದಂಡ ಮಾತ್ರ ಸಾಮಾನ್ಯವಾಗಿ ಮಾಲೀಕರ ತಲೆಗೇ.

ಜಗಳ ಹುಟ್ಟುವುದೂ ಈ ಪಾಲಿಸಿಯಲ್ಲೇ. ನಮ್ಮ ಪಕ್ಕದ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಒಬ್ಬರು ಬಿದ್ದು ಸೊಂಟ ಮುರಿಯಿತು. ಪಾಲಿಸಿಯಲ್ಲಿದ್ದದ್ದು 'ಕಾಫಿ ಕೊಯ್ಲು, 10 ಜನ'. ಬಿದ್ದವರನ್ನು ಕರೆತಂದದ್ದು ಮೇಸ್ತ್ರಿ, ತೋಟದ ಹಾಜರಿ-ಕೂಲಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಅವರ ಹೆಸರಿಲ್ಲ. ವಿಮಾ ಕಂಪನಿ ಒಪ್ಪಲಿಲ್ಲ. ಬಿದ್ದವರ ಹೆಂಡತಿ ಆಸ್ಪತ್ರೆಯ ವರಾಂಡದಲ್ಲಿ ಕಂಪನಿಯ ನಿರಾಕರಣೆಯ ಕಾಗದ ಮಡಚಿ ಹಿಡಿದು ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನನ್ನ ಮಾತು ಕೇಳುವುದಾದರೆ ಮೊದಲು ನೌಕರರ ಪರಿಹಾರ ಪಾಲಿಸಿಯನ್ನೇ ಮಾಡಿಸಿ. ಮರಗಸಿ, ಮೆಣಸು ಕೊಯ್ಲು, ಗುತ್ತಿಗೆಯವರು, ಆಸ್ಪತ್ರೆ ಖರ್ಚು ಎಲ್ಲವನ್ನೂ ಅದರಲ್ಲಿ ಬರೆಸಿ, ಕೊಡುವ ಕೂಲಿಯನ್ನೇ ತೋರಿಸಿ. ಕೈಯಲ್ಲಿ ಉಳಿದರೆ ಅದರ ಮೇಲೆ ಗುಂಪು ವಿಮೆ.