ರಾಯಚೂರಿನ ‘ಮುಂಭಾಗ’ ಪ್ಯಾಕೇಜ್: ಗೇಟಿನ ಹೊರಗೆ ನಿಂತು ನೋಡಿದಾಗ

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಸರಿಯಾಗಿ ಆಗಲೇ ಈ ಪ್ಯಾಕೇಜ್ ಎದುರಿಗೆ ಬರುತ್ತದೆ. ಕಾಂಪೌಂಡ್, ಗೇಟಿನ ಮುಂದಿನ ರ‍್ಯಾಂಪ್, ಪೇವರ್ (ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬ್ಲಾಕ್), ಹುಲ್ಲು, ಗಿಡ, ಲೈಟು ಎಲ್ಲವೂ ಒಬ್ಬರದೇ ಕೈಯಲ್ಲಿ, ಒಂದೇ ಬಿಲ್ಲಿನಲ್ಲಿ. ರಾಯಚೂರಿನ ಹೊಸ ಬಡಾವಣೆಗಳಲ್ಲಿ ಈಗ ಇದೇ ರೂಢಿ. ಇಲ್ಲಿ ತೂಗಿ ನೋಡಿರುವುದು ಒಬ್ಬರೇ ಗುತ್ತಿಗೆದಾರರ ಎರಡು ಕೆಲಸ: 30×40 ಸೈಟಿನ ಒಂದು ಮನೆ ಮತ್ತು ಮುಖ್ಯ ರಸ್ತೆಯಲ್ಲಿ ಪಡುವಣಕ್ಕೆ ಮುಖ ಮಾಡಿದ ಎರಡಂತಸ್ತಿನ ಅಂಗಡಿ ಕಾಂಪ್ಲೆಕ್ಸ್. ಎರಡೂ ಒಂದು ಬೇಸಿಗೆ, ಒಂದು ಮಳೆಗಾಲ ಕಂಡಿವೆ. ಮಾಲೀಕರಿಗೆ ಹಿಡಿಸಿದೆಯೋ ಇಲ್ಲವೋ ಅದು ಅವರ ವಿಷಯ. ಮುಂಭಾಗ ಅನ್ನುವುದು ಅರ್ಧ ಓಣಿಯದು, ಹಾಗಾಗಿ ಓಣಿಯಲ್ಲಿ ನಡೆಯುವವರಿಗೆ ಏನು ಸಿಕ್ಕಿತು ಎಂಬುದೇ ಇಲ್ಲಿನ ಅಳತೆಗೋಲು.

ಮೊದಲು ಪೇವರ್, ಯಾಕೆಂದರೆ ಇವರ ಕೈ ಪಳಗಿರುವುದು ಇಲ್ಲೇ. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈಬೆರಳು ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಬರೀ ಮರಳು ಹರಡಿ ಬ್ಲಾಕ್ ಜೋಡಿಸಿದರೆ ಎರಡನೇ ಮಳೆಗೆ ನೆಲವೆಲ್ಲ ಅಲೆ ಅಲೆ. ಮನೆಯ ಕೆಲಸದಲ್ಲಿ ಒಂದೂವರೆ ಅಡಿ ಎರಿ ಮಣ್ಣು ತೆಗೆದು, ಗರಸನ್ನು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಎರಡು ಪದರವಾಗಿ ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿದ್ದಾರೆ. ಅದರ ಮೇಲೆ 6 ಇಂಚು ಜಲ್ಲಿ, ಒಂದೂವರೆ ಇಂಚು ಎಂ-ಸ್ಯಾಂಡ್, ನಂತರ ಬ್ಲಾಕ್. ಜನ ಓಡಾಡುವಲ್ಲಿ 60 ಮಿ.ಮೀ., ಕಾರು ತಿರುಗುವಲ್ಲಿ 80 ಮಿ.ಮೀ. ಸಂದಿಗೆ ಒಣ ನುಣುಪು ಮರಳು ತುಂಬಿದ್ದಾರೆಯೇ ಹೊರತು ಸಿಮೆಂಟ್ ಹಾಲು ಸುರಿದಿಲ್ಲ. ಇದು ದೊಡ್ಡ ಮಾತು. ಸಿಮೆಂಟ್ ಹಾಲು ಹಾಕಿದರೆ ಬ್ಲಾಕುಗಳೆಲ್ಲ ಸೇರಿ ಒಂದೇ ಚಪ್ಪಡಿಯಾಗುತ್ತವೆ, ಕೆಳಗಿನ ಮಣ್ಣು ಉಬ್ಬಿದಾಗ ಬ್ಲಾಕೇ ಸೀಳುತ್ತದೆ. ಒಂದು ಕಡೆ ಮಾತ್ರ ಹುಳುಕು ಕಂಡಿತು: ಕಾಂಪೌಂಡ್ ಗೋಡೆಗೆ ತಾಗಿದ ಎರಡು ಸಾಲು ಅರ್ಧ ಇಂಚು ಕುಸಿದಿವೆ. ಗೋಡೆಯ ಪಾಯ ತೋಡಿದಾಗ ತೆಗೆದ ಮಣ್ಣನ್ನು ಹಾಗೇ ಮುಚ್ಚಿದ್ದಾರೆ, ಗೋಡೆಯ ಬುಡದ ತನಕ ಯಂತ್ರ ಹೋಗದಿದ್ದರಿಂದ ಅಲ್ಲಿ ದಮ್ಮಸ್ಸೇ ಆಗಿಲ್ಲ. ಕೈದಿಮ್ಮಸಿಯಿಂದ ಕುಟ್ಟಿದ್ದರೆ ಅರ್ಧ ದಿನದ ಕೆಲಸ.

ಕಾಂಪ್ಲೆಕ್ಸಿನ ಮುಂದೆ ಇದೇ ತಂಡ ಉದ್ದಕ್ಕೂ 60 ಮಿ.ಮೀ. ಬ್ಲಾಕ್ ಹಾಕಿ ಕೈ ತೊಳೆದುಕೊಂಡಿದೆ. ಮಾಲು ಇಳಿಸುವ ಗಾಡಿ ನಿಲ್ಲುವಲ್ಲಿ ಚಕ್ರದ ಗುರುತಿಗೆ ಸರಿಯಾಗಿ ತಗ್ಗು ಬಿದ್ದಿದೆ, ಅಂಚಿನಲ್ಲಿ ಕರ್ಬ್ ಕಲ್ಲಿಲ್ಲದ ಕಾರಣ ಬ್ಲಾಕುಗಳು ಚರಂಡಿಯ ಕಡೆ ಜಾರುತ್ತಿವೆ.

ರ‍್ಯಾಂಪ್ ವಿಷಯದಲ್ಲಿ ಎರಡೂ ಕಡೆ ಫೇಲು. ಮನೆಯ ಪ್ಲಿಂತ್ (ನೆಲಗಟ್ಟು) ಎತ್ತರಿಸಿ, ಆ ಎತ್ತರ ಇಳಿಸಲು ರ‍್ಯಾಂಪನ್ನು ರಸ್ತೆಗೇ ಚಾಚಿದ್ದಾರೆ. ಗೇಟಿನ ಮುಂದಿನ ಚರಂಡಿಯನ್ನು ಗೇಟಿನಗಲ ಕಾಂಕ್ರೀಟಿನಿಂದ ಮುಚ್ಚಿದ್ದಾರೆ, ಒಳಗೆ ಹೂಳು ತೆಗೆಯಲು ಕೈ ಹೋಗುವ ಕಿಂಡಿಯೂ ಇಲ್ಲ. ಪರಿಣಾಮ ಅನುಭವಿಸುವವರು ಮೇಲ್ಗಡೆ ಮನೆಯವರು: ಮಳೆ ಜೋರಾದರೆ ನೀರು ಇಲ್ಲಿ ತಡೆದು ಅವರ ಬಾಗಿಲಿಗೆ ತಿರುಗುತ್ತದೆ. ಪರಿಹಾರ ಕಷ್ಟದ್ದಲ್ಲ. 2 ಅಡಿಗೆ 2 ಅಡಿಯ, 3 ಇಂಚು ದಪ್ಪದ, ಕಬ್ಬಿಣದ ಬಳೆ ಇಟ್ಟ ಚಪ್ಪಡಿಗಳನ್ನು ಸಾಲಾಗಿ ಇಟ್ಟರೆ ಸಾಕು. ಒಂದೊಂದು ಸುಮಾರು 70 ಕೆ.ಜಿ. ತೂಗುತ್ತದೆ, ಇಬ್ಬರು ಎತ್ತಬಹುದು. ಕಾರು ದಾಟುವ ಜಾಗಕ್ಕೆ ಮಾತ್ರ 5 ಇಂಚಿನ, ಸರಳು ಹೆಣೆದ ಚಪ್ಪಡಿ ಬೇಕು, ಅದನ್ನು ಎತ್ತಲು ನಾಲ್ವರು. ಇಳಿಜಾರನ್ನು ಗೇಟಿನ ಒಳಗೇ ಮುಗಿಸಬೇಕು. ಕಾರಿಗೆ ಎಂಟು ಅಡಿಗೆ ಒಂದು ಅಡಿ ಇಳಿಜಾರು ನಡೆಯುತ್ತದೆ, ಗಾಲಿಕುರ್ಚಿಗೆ ಹನ್ನೆರಡು ಅಡಿಗೆ ಒಂದು ಅಡಿ ಬೇಕು.

ಹೊಗಳಲೇಬೇಕಾದದ್ದು ಮನೆಯ ಕಾಂಪೌಂಡನ್ನು. ಆರಡಿ ಗೋಡೆ ಎಬ್ಬಿಸಿ ಓಣಿಗೆ ಬೆನ್ನು ತಿರುಗಿಸುವುದು ಈಗಿನ ಚಾಳಿ. ಇಲ್ಲಿ 3 ಅಡಿ ಹಾರುಬೂದಿ ಇಟ್ಟಿಗೆಯ ಗೋಡೆ, ಅದರ ಮೇಲೆ 2 ಅಡಿ ಗ್ರಿಲ್. ಒಳಗಿನವರಿಗೆ ಓಣಿ ಕಾಣುತ್ತದೆ, ಓಣಿಯವರಿಗೆ ಮನೆಯ ಬೆಳಕು ಕಾಣುತ್ತದೆ. ಕಳ್ಳರಿಗೆ ಎತ್ತರದ ಗೋಡೆಗಿಂತ ಇದೇ ಹೆಚ್ಚು ತೊಂದರೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಪಕ್ಕದಲ್ಲೇ ಇರುವ ಊರಿನಲ್ಲಿ ಈ ಇಟ್ಟಿಗೆ ಬಿಟ್ಟು ಬೇರೆ ಹುಡುಕುವುದರಲ್ಲಿ ಅರ್ಥವಿಲ್ಲ.

ಗೋಡೆಯನ್ನು ತಮ್ಮ ಜಾಗದೊಳಗೆ ಒಂದೂವರೆ ಅಡಿ ಹಿಂದೆ ಸರಿಸಿ, ಹೊರಮುಖಕ್ಕೆ ಒಂದು ಕಟ್ಟೆ ಕಟ್ಟಿದ್ದಾರೆ: 16 ಇಂಚು ಎತ್ತರ, 15 ಇಂಚು ಅಗಲ, ಮೇಲೆ ಒಂದೂವರೆ ಇಂಚಿನ ಶಹಾಬಾದ್ ಕಲ್ಲು. ನೀರು ನಿಲ್ಲದಂತೆ ರಸ್ತೆ ಕಡೆಗೆ ಅರ್ಧ ಇಂಚು ವಾಟ, ಕಾಲಿಗೆ ಚುಚ್ಚದಂತೆ ಅಂಚು ದುಂಡಗೆ ಉಜ್ಜಿದ್ದು. ಹಳೇ ಮಾಳಿಗೆ ಮನೆಗಳಿಗೆ ಬಾಗಿಲಿನ ಎರಡೂ ಬದಿ ಕಟ್ಟೆ ಇರುತ್ತಿತ್ತಲ್ಲ, ಅದೇ ಇದು. ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು, ಹತ್ತು ಗಂಟೆಗೆ ಬುಟ್ಟಿ ಇಳಿಸಿ ಸೊಪ್ಪು ಮಾರುವಾಕೆ, ಸಂಜೆ ವಯಸ್ಸಾದವರು. ಇಡೀ ಪ್ಯಾಕೇಜಿನಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಈ ಕಟ್ಟೆ, ಬಿಲ್ಲಿನಲ್ಲಿ ಅತಿ ಸಣ್ಣ ಸಾಲೂ ಅದೇ. ಒಂದು ಎಚ್ಚರಿಕೆ: ಶಹಾಬಾದ್ ಸುಣ್ಣದ ಕಲ್ಲು, ಆ್ಯಸಿಡ್ ಹಾಕಿ ತೊಳೆದರೆ ನೊರೆ ಎದ್ದು ಮೈ ತರಿಯಾಗುತ್ತದೆ. ಕಲೆಗೆ ಸೋಪಿನ ನೀರು, ತೆಂಗಿನ ನಾರು ಸಾಕು.

ಕಟ್ಟೆಗೆ ನೆರಳು ಕೊಡಬೇಕಾದ ಗಿಡಗಳಲ್ಲೇ ಪ್ಯಾಕೇಜ್ ಎಡವಿದ್ದು. ಮನೆಗೆ ಎರಡು ಪಾಮ್, ಕಾಂಪ್ಲೆಕ್ಸಿಗೆ ಸಾಲಾಗಿ ಕೋನೋಕಾರ್ಪಸ್. ಪಾಮ್ ನೆರಳು ಅದರ ಕಾಂಡಕ್ಕೇ ಸಾಲದು. ಕೋನೋಕಾರ್ಪಸ್ ಒಂದೇ ವರ್ಷದಲ್ಲಿ ಹಸಿರು ಗೋಡೆಯಾಗುತ್ತದೆ, ಅದಕ್ಕೇ ಮಾರಾಟ ಸುಲಭ. ಆದರೆ ಅದರ ಬೇರು ನೀರಿನ ಪೈಪು, ಚರಂಡಿ, ಕೇಬಲ್ ಹುಡುಕಿಕೊಂಡು ಹೋಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬಿಸಿಲು 40 ಡಿಗ್ರಿ ದಾಟುವ ಊರಿಗೆ ಹೊಂಗೆ, ಬೇವು ಬಿಟ್ಟು ಬೇರೆ ಉತ್ತರವಿಲ್ಲ. ಶಿವರಾತ್ರಿ ಆಸುಪಾಸು ಎಲೆ ಉದುರಿಸಿ, ಬಿಸಿಲು ನೆತ್ತಿ ಸುಡುವ ಏಪ್ರಿಲ್-ಮೇ ಹೊತ್ತಿಗೆ ಹೊಂಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ‘ಕಸ ಬೀಳುತ್ತೆ ಸರ್’ ಅನ್ನುವುದು ಗುತ್ತಿಗೆದಾರರ ತಯಾರು ಉತ್ತರ. ಹೌದು, ಬೀಳುತ್ತದೆ, ಒಂದು ತಿಂಗಳು ಗುಡಿಸಬೇಕು.

ಗಿಡದ ಗುಂಡಿ 3 ಅಡಿ ಉದ್ದ, ಅಗಲ, ಆಳ ಇರಬೇಕು. ತುಂಬಲು ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ತೆಗೆದ ಎರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ. ಸಡಿಲವಾಗಲಿ ಎಂದು ಬರೀ ಮರಳು, ಕೋಕೋಪೀಟ್ ತುಂಬಿದರೆ ಸುತ್ತಲಿನ ಎರಿ ಮಣ್ಣಿನಿಂದ ನೀರು ಇಂಗದೆ ಗುಂಡಿ ತೊಟ್ಟಿಯಾಗುತ್ತದೆ, ಬೇರು ಕೊಳೆಯುತ್ತದೆ. ಕಾಂಪ್ಲೆಕ್ಸಿನ ಎರಡು ಗಿಡ ಸತ್ತದ್ದು ಹೀಗೇ, ಅದೂ ಬೇಸಿಗೆಯಲ್ಲಲ್ಲ, ಸೆಪ್ಟೆಂಬರ್ ಮಳೆಯಲ್ಲಿ. ಕಾಂಡದ ಸುತ್ತ ಒಂದಡಿ ಬಿಟ್ಟು ಉಳಿದದ್ದಕ್ಕೆಲ್ಲ ಪೇವರ್ ಹಾಕಿದ್ದಾರೆ. ಕನಿಷ್ಠ 4×4 ಅಡಿ ಬರಿ ಮಣ್ಣು ಬಿಡಬೇಕಿತ್ತು. ಎರಿ ಭೂಮಿಯಲ್ಲಿ ದೊಡ್ಡ ಮರ ಪಾಯದಿಂದ 12ರಿಂದ 15 ಅಡಿಯಾದರೂ ದೂರವಿರಲಿ, ಬೇರು ನೀರು ಹೀರಿದಲ್ಲಿ ಮಣ್ಣು ಕುಗ್ಗಿ ಗೋಡೆ ಬಿರಿಯುತ್ತದೆ. 30×40 ಸೈಟಿನಲ್ಲಿ ಅಷ್ಟು ಜಾಗವೆಲ್ಲಿ? ನಗರಸಂಸ್ಥೆಯನ್ನು ಕೇಳಿ ರಸ್ತೆ ಬದಿಯಲ್ಲಿ ನೆಡುವುದೇ ದಾರಿ. ಮೇಲೆ ಕರೆಂಟಿನ ತಂತಿ ಇದ್ದರೆ ದೇವಕಣಗಿಲೆ, ಪಾರಿಜಾತ. ಬರೀ ಕಣಗಿಲೆ ಮಾತ್ರ, ಹೂವು ಯಾವ ಬಣ್ಣದ್ದಾದರೂ, ಗೋಡೆಯ ಹೊರಗೆ ಬೇಡ, ದನ-ಆಡು ತಿಂದರೆ ವಿಷ.

ಹುಲ್ಲಿನ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೆಕ್ಸಿಕನ್ ಹುಲ್ಲಿಗೆ ಮೇ ತಿಂಗಳಲ್ಲಿ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಲೀಟರ್ ನೀರು ಬೇಕು. ಕಾಂಪ್ಲೆಕ್ಸಿನ ಸಾವಿರ ಚದರಡಿಗೆ ದಿನಕ್ಕೆ ಸುಮಾರು 500 ಲೀಟರ್ ಆಯಿತು; 5,000 ಲೀಟರಿನ ಟ್ಯಾಂಕರ್ ಹತ್ತು ದಿನ ಬಂದರೆ ಹೆಚ್ಚು. ಬೋರಿನ ಸವಳು ನೀರು ಹಾಯಿಸಿದ ಕಡೆ ಹುಲ್ಲಿನ ತುದಿ ಸುಟ್ಟು, ಮಣ್ಣಿನ ಮೇಲೆ ಬಿಳಿ ಹೊಪ್ಪಳಿಕೆ ಎದ್ದಿದೆ. ಗರಿಕೆ ಹಚ್ಚಿದ್ದರೆ ಉಪ್ಪನ್ನೂ ತಾಳುತ್ತಿತ್ತು, ಬರವನ್ನೂ.

ಕಾಂಪ್ಲೆಕ್ಸಿನ ಪಡುವಣ ಮುಖಕ್ಕೆ ಗಾಜು ಹಾಕಿದ್ದು ಪ್ಯಾಕೇಜಿನವರ ಸಲಹೆ. ಮಧ್ಯಾಹ್ನ ಮೂರರ ನಂತರ ಗಾಜಿಗೆ ಬಡಿದು ಮರಳಿದ ಬಿಸಿಲು ಎದುರಿನ ಚಹಾ ಅಂಗಡಿಗೆ ಹೊಡೆಯುತ್ತದೆ, ಪಾಪ ಅವರು ತಾಡಪಾಲು ಕಟ್ಟಿಕೊಂಡಿದ್ದಾರೆ. ಇಳಿಬಿಸಿಲಿಗೆ 2 ಅಡಿ ಸಜ್ಜಾ ಲೆಕ್ಕಕ್ಕಿಲ್ಲ. ಜಾಲಿ (ಕಿಂಡಿ ಕಿಂಡಿಯ) ಗೋಡೆ ಅಥವಾ ನಿಂತ ಪಟ್ಟಿಗಳು ಬೇಕು. ನೆಲ ಅಂತಸ್ತಿನ ಮೇಲೆ 6 ಅಡಿ ಚಾಚಿದ ಮಾಡು ಹಾಕಿದ್ದರೆ ಗಿರಾಕಿಗಳಿಗೂ ದಾರಿಹೋಕರಿಗೂ ನೆರಳಾಗುತ್ತಿತ್ತು. ಏಸಿಯ ಹೊರಘಟಕಗಳು ನಡೆಯುವವರ ಮುಖಕ್ಕೇ ಬಿಸಿಗಾಳಿ ಊದುತ್ತವೆ, ಅವನ್ನು ತಾರಸಿಗೆ ಏರಿಸಬೇಕು. ಮೂಲೆಯಲ್ಲಿ ಒಂದು ನಲ್ಲಿ, ಎರಡು ಮಣ್ಣಿನ ಗಡಿಗೆ ಇಡುವಷ್ಟು ಗೂಡು ಬಿಟ್ಟಿದ್ದರೆ ಬೇಸಿಗೆಗೆ ಅರವಟಿಗೆಯೂ ಆಗುತ್ತಿತ್ತು. ನಕ್ಷೆಯಲ್ಲಿ ಯಾರಿಗೂ ಹೊಳೆದಿಲ್ಲ. ಲೈಟುಗಳು ಮೇಲ್ಮುಖ, ಎದುರು ಮನೆಯವರ ಕಣ್ಣಿಗೆ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಮನೆಯ ಕೆಲಸಕ್ಕೆ 5ಕ್ಕೆ ಮೂರೂವರೆ, ಕಾಂಪ್ಲೆಕ್ಸಿಗೆ ಒಂದೂವರೆ. ಇಂಥ ಪ್ಯಾಕೇಜ್ ತಗೊಳ್ಳುವವರು ಗಿಡ, ಹುಲ್ಲು ಕೈಬಿಟ್ಟು ಪೇವರ್, ಗೋಡೆ, ಕಟ್ಟೆಗೆ ಮಾತ್ರ ದರ ಕೇಳಿ. ಗಿಡ ನರ್ಸರಿಯಿಂದ ನೀವೇ ತನ್ನಿ, 6 ಅಡಿ ಮೇಲಿನದೇ ಇರಲಿ, ಇಲ್ಲವಾದರೆ ಆಡುಗಳಿಗೆ ಮೇವು. ಬ್ಲಾಕಿನ ದಪ್ಪ, ಗರಸಿನ ಆಳ, ಎತ್ತಬಹುದಾದ ಚರಂಡಿ ಚಪ್ಪಡಿ ಈ ಮೂರನ್ನೂ ಕರಾರಿನಲ್ಲಿ ಬರೆಸಿ. ಬಿಲ್ಲಿನ ಹತ್ತನೇ ಒಂದು ಪಾಲನ್ನು ಮೊದಲ ಮಳೆಗಾಲ ಮುಗಿಯುವ ತನಕ ನಿಮ್ಮಲ್ಲೇ ಹಿಡಿದಿಟ್ಟುಕೊಳ್ಳಿ.