ಗೊಬ್ಬರದ ಥರ್ಮಾಮೀಟರ್: ಮೂರು ತಿಂಗಳು ಬಳಸಿದ ಮೇಲೆ

ಧಾರವಾಡದ ನಮ್ಮ ಹಿತ್ತಲಲ್ಲಿ ಎದೆಮಟ್ಟದ ಗೊಬ್ಬರದ ಗುಡ್ಡೆ ಇದೆ. ಜೋಳದ ರವದಿ, ಶೇಂಗಾ ಹೊಟ್ಟು, ಅಡುಗೆಮನೆ ಕಸ, ಗೌಳಿಗರ ಮನೆಯಿಂದ ತಂದ ಎಮ್ಮೆ ಸೆಗಣಿ ಎಲ್ಲ ಅದರೊಳಗೆ. ಇಷ್ಟು ವರ್ಷ ಕಬ್ಬಿಣದ ಸರಳು ಚುಚ್ಚಿ, ತೆಗೆದು, ಮುಟ್ಟಿ ನೋಡುತ್ತಿದ್ದೆ. ಈ ಸಲ ಅರ್ಧ ಮೀಟರ್ ಉದ್ದದ ಸ್ಟೀಲ್ ಕಡ್ಡಿಯ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ತರಿಸಿದೆ. 850 ರೂಪಾಯಿ.

ಬಂದ ದಿನವೇ ಕುದಿಯುವ ನೀರಿಗೆ ಇಳಿಬಿಟ್ಟೆ. ಮುಳ್ಳು 97ಕ್ಕೆ ನಿಂತಿತು. ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರಕ್ಕಿಂತ ಎರಡು-ಮೂರು ಡಿಗ್ರಿ ಮೊದಲೇ ಕುದಿಯುತ್ತದೆ.

ಗುಡ್ಡೆ ಒಟ್ಟಿದ ದಿನ 29 ಇತ್ತು. ಮೂರನೇ ದಿನ ಬೆಳಿಗ್ಗೆ 61! ಬ್ಯಾಕ್ಟೀರಿಯಾಗಳು ಕಸ ತಿನ್ನುವಾಗ ಹುಟ್ಟುವ ಕಾವು ಅದು. 45 ದಾಟಿದ ಮೇಲೆ ಬಿಸಿ ಬಯಸುವ ಜಾತಿಗಳದ್ದೇ ರಾಜ್ಯ. ಅವಕ್ಕೆ ಬಾಯಿಲ್ಲ, ಹಲ್ಲಿಲ್ಲ. ಎಂಜೈಮ್ ಹೊರಗೆ ಬಿಟ್ಟು ನಾರನ್ನು ತುಂಡರಿಸಿ, ಅದರಿಂದ ಬರುವ ಸಕ್ಕರೆ ಹೀರುತ್ತವೆ. ಎರಡನೇ ವಾರ ಮಗುಚಿದಾಗ ರವದಿಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಇತ್ತು. ಬೂಷ್ಟಲ್ಲ, ಆಕ್ಟಿನೊಮೈಸೀಟ್ ಅನ್ನುವ ಬ್ಯಾಕ್ಟೀರಿಯಾ. ಬೆರಳಲ್ಲಿ ತಿಕ್ಕಿದೆ. ಗರಿಗರಿ ಇದ್ದ ರವದಿ ನೆನೆದ ಕಾಗದದ ಹಾಗೆ ಹರಿದು ಬಂತು.

ಈ ಎಂಜೈಮ್‌ಗಳು ಅಷ್ಟು ಬಿಸಿಯಲ್ಲೂ ಕೆಡುವುದಿಲ್ಲ, ಅದೇ ಅವುಗಳ ಬೆಲೆ. 2012ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಎಲೆಗೊಬ್ಬರದ ಡಿಎನ್‌ಎಯಲ್ಲಿ ಒಂದು ಕ್ಯುಟಿನೇಸ್ (ಎಲೆಯ ಮೇಣದಂಥ ಹೊರಪದರ ಒಡೆಯುವ ಎಂಜೈಮ್) ಸಿಕ್ಕಿತು. ಅದು ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕನ್ನೂ ಒಡೆಯುತ್ತದೆ. 2020ರಲ್ಲಿ ಫ್ರಾನ್ಸ್‌ನವರು ಅದನ್ನೇ ತಿದ್ದಿ, 72 ಡಿಗ್ರಿಯಲ್ಲಿ 10 ಗಂಟೆಯೊಳಗೆ ಶೇ 90ರಷ್ಟು ಪೆಟ್ ಒಡೆದು ತೋರಿಸಿದರು. ಎಲೆ ಕೊಳೆಯುವ ಜಾಗದಿಂದ ಬಂದದ್ದು ಅಲ್ವಾ, ನೆನೆದರೆ ಮೈ ಜುಮ್ಮೆನ್ನುತ್ತದೆ. (ಹಾಗಂತ ಬಾಟಲಿ ತಿಪ್ಪೆಗೆ ಹಾಕಬೇಡಿ. ಅವರು ಎಂಜೈಮನ್ನು ಬೇರೆ ತಯಾರಿಸಿ, ಪ್ಲಾಸ್ಟಿಕ್ ಪುಡಿ ಮಾಡಿ ಬಳಸಿದ್ದು.)

ಮೊದಲು ಸುಮ್ನೆ ವಾರಕ್ಕೊಮ್ಮೆ ಮಗುಚುತ್ತಿದ್ದೆ. ಈಗ 65 ದಾಟಿದರೆ ಮಗುಚುತ್ತೇನೆ, 45ಕ್ಕಿಂತ ಇಳಿದರೆ ಹಸಿ ನೋಡಿ ನೀರು ಚಿಮುಕಿಸಿ ಮಗುಚುತ್ತೇನೆ. ಹೊರಗಿನ ಕಸ ಒಳಗೆ ಹೋಗಿ ಅದೂ 55ರ ಮೇಲೆ ಮೂರು-ನಾಲ್ಕು ದಿನ ಬೇಯಬೇಕು, ಕಳೆಬೀಜ ಸಾಯುವುದು ಆಗಲೇ. ಹೋದ ವರ್ಷ ಗೊಬ್ಬರ ಹಾಕಿದ ಮಡಿಯಲ್ಲೆಲ್ಲ ಕಾಂಗ್ರೆಸ್ ಕಸ ಎದ್ದಿತ್ತು. ಈ ಸಲ ಮೆಣಸಿನ ಮಡಿಯಲ್ಲಿ ಒಂದೂ ಇಲ್ಲ.

ಒಂದೇ ಕೊರತೆ. ತಿಂಗಳೊಳಗೆ ಹಬೆ ಗಾಜಿನೊಳಗೆ ಹೊಕ್ಕು ಅಂಕಿಯೇ ಕಾಣದಾಯಿತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಎರಡು ದಿನ ಬಿಸಿಲಲ್ಲಿ ಒಣಗಿಸಿ, ಗಾಜಿನ ಅಂಚಿಗೆ ಸಿಲಿಕೋನ್ ಹಚ್ಚಿದೆ. ಆಮೇಲೆ ಹಬೆ ಹೊಕ್ಕಿಲ್ಲ. ನೀವು ತಂದರೆ ಈ ಕೆಲಸ ಮೊದಲೇ ಮಾಡಿಕೊಳ್ಳಿ.